ಬಾಡಿದ್ದು ಯಾವಾಗ, ಉದುರಿದ್ದು ಯಾವಾಗ: ಕಾಫಿ ಬೆಳೆಗಾರರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಳೆ, ಬಿಸಿಲು, ನೀರಿನ ಬಗ್ಗೆಯೇ ಇವೆ. ಬಹುತೇಕ ಎಲ್ಲರೂ ಕೇಳಿರುವುದು ‘ಈಗ ಏನು ಹೊಡೆಯಬೇಕು’ ಎಂದು. ಕಾಫಿ ಗಿಡ ಇವತ್ತು ತೋರಿಸುವ ಲಕ್ಷಣ ಎರಡು–ಮೂರು ತಿಂಗಳ ಹಿಂದಿನ ಕಷ್ಟದ್ದು. ಹಾಗಾಗಿ ಕೆಲವು ಉತ್ತರಗಳು ಔಷಧಿ ಅಂಗಡಿಯ ದಾರಿ ಬಿಟ್ಟು ಕ್ಯಾಲೆಂಡರಿನ ಹಿಂದಿನ ಹಾಳೆಗಳ ಕಡೆಗೆ ಹೋಗಿವೆ.

ಪ್ರಶ್ನೆ: ಎಂಟು ಎಕರೆ ರೊಬಸ್ಟಾ ಕಾಫಿ ಇದೆ. ಜನವರಿಯಲ್ಲಿ ಕುಯ್ಲು ಮುಗಿಯುವ ಮೊದಲೇ ಅರ್ಧ ಇಂಚು ಮಳೆ ಬಿತ್ತು. ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಹಾಕಿದೆವು. ಹೂ ಮೂರು ಕಂತಿನಲ್ಲಿ ಬಂತು. ಕೆಲವು ಗಿಡಗಳಲ್ಲಿ ಮೊಗ್ಗು ಪೂರ್ತಿ ಅರಳದೆ, ಗಟ್ಟಿಯಾಗಿ ನಕ್ಷತ್ರದ ಹಾಗೆ ನಿಂತುಬಿಟ್ಟಿದೆ. ತಪ್ಪಿದ್ದೆಲ್ಲಿ? (ಸಿದ್ದಾಪುರ, ಕೊಡಗು)

ಕಾಫಿಗೆ ಹೂ ಬರಬೇಕಾದರೆ ಮೊದಲು ಬಾಯಾರಬೇಕು. ಮಳೆಗಾಲ ಕಳೆದು ಹಗಲು ಚಿಕ್ಕದಾಗುವ ಹೊತ್ತಿಗೆ ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ, ಗೆಣ್ಣುಗಳಲ್ಲಿ ಮೊಗ್ಗು ಕೂರುತ್ತದೆ. ಅದು ನಾಲ್ಕೈದು ಮಿಲಿಮೀಟರ್ ಬೆಳೆದು ನಿದ್ದೆಗೆ ಜಾರುತ್ತದೆ. ಒಂದೇ ರೆಕ್ಕೆಯ ಮೊಗ್ಗುಗಳಿಗೂ ಒಂದೇ ವಯಸ್ಸಲ್ಲ. ಒಣಹವೆ ನಿಂತರೆ ಹಿರಿಯ ಮೊಗ್ಗುಗಳು ಮುಂದೆ ಹೋಗದೆ ಕಾಯುತ್ತವೆ, ಕಿರಿಯವು ಬಂದು ಜೊತೆಗೂಡುತ್ತವೆ. ಆಮೇಲೆ ಒಮ್ಮೆಗೇ ಸಾಕಷ್ಟು ನೀರು ಸಿಕ್ಕರೆ ಎಲ್ಲವೂ ಒಟ್ಟಿಗೆ ಎದ್ದು, ಒಂದು ವಾರದಿಂದ ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ.

ನಿಮ್ಮ ಅರ್ಧ ಇಂಚಿನ ಮಳೆ ತಯಾರಾಗಿದ್ದ ಮೊಗ್ಗುಗಳನ್ನು ಎಬ್ಬಿಸಿತು, ಆದರೆ ಅರಳುವಷ್ಟು ನೀರು ಕೊಡಲಿಲ್ಲ. ಎದ್ದ ಮೊಗ್ಗು ಮತ್ತೆ ಮಲಗುವುದಿಲ್ಲ. ಅರೆಬರೆ ಬೆಳೆದು, ಬಿಸಿಲಿಗೆ ಗಟ್ಟಿಯಾಗಿ, ಎಸಳು ಬಿಚ್ಚದೆ ನಿಲ್ಲುತ್ತದೆ. ಈ ನಕ್ಷತ್ರ ಹೂವಿನಲ್ಲಿ ಕಾಯಿ ಕಚ್ಚುವುದು ತೀರಾ ಕಡಿಮೆ. ಈ ವರ್ಷ ಅದಕ್ಕೆ ಮಾಡುವಂಥದ್ದೇನೂ ಇಲ್ಲ.

ಮುಂದಿನ ಸಲ ಅಕಾಲದಲ್ಲಿ ಹನಿದರೆ ಮೊದಲು ಮೊಗ್ಗು ನೋಡಿ. ತೋಟದ ಬೇರೆ ಬೇರೆ ಕಡೆ ಹತ್ತು ಗಿಡ, ಪ್ರತಿ ಗಿಡದ ನಡುಭಾಗದಿಂದ ನಾಲ್ಕು ರೆಕ್ಕೆ. ಮೊಗ್ಗು ಅಕ್ಕಿ ಕಾಳಿನಷ್ಟು ಉದ್ದವಾಗಿ ತುದಿ ಚೂಪಾಗಿದ್ದರೆ ಅದು ತಯಾರು. ಗೆಣ್ಣಿಗೆ ಅಂಟಿಕೊಂಡ ಹಸಿರು ಗುಬ್ಬಿಯಂತಿದ್ದರೆ ಇನ್ನೂ ಎಳಸು. ಮುಕ್ಕಾಲು ಪಾಲು ತಯಾರಾಗಿದ್ದು, ಹಣ್ಣು ಕುಯ್ದು ಆಗಿದ್ದರೆ ಮಳೆ ಬಂದ ಎರಡು–ಮೂರು ದಿನದೊಳಗೆ ಸ್ಪ್ರಿಂಕ್ಲರಿನಿಂದ ಬಾಕಿ ನೀರು ತುಂಬಿಸಿ. ಹೆಚ್ಚಿನವು ಎಳಸಾಗಿದ್ದರೆ ಪಂಪ್ ಮುಟ್ಟಬೇಡಿ. ಎದ್ದ ನಾಲ್ಕು ಮೊಗ್ಗು ಹೋಗಲಿ, ಮಲಗಿರುವ ಹದಿನಾರು ಉಳಿಯಲಿ. ಪಕ್ಕದ ತೋಟದಲ್ಲಿ ಸ್ಪ್ರಿಂಕ್ಲರಿನ ಜೆಟ್ ತಿರುಗುತ್ತಿದೆ ಎಂದು ನಾವೂ ತಿರುಗಿಸುವುದು ನಮ್ಮ ಕಡೆಯ ದೊಡ್ಡ ಕಾಯಿಲೆ.

ಎಷ್ಟು ಬಾಯಾರಿಸಬೇಕು? ಮಧ್ಯಾಹ್ನ ಎಲೆ ಜೋತುಬಿದ್ದು ಬೆಳಿಗ್ಗೆಗೆ ಮತ್ತೆ ನೆಟ್ಟಗಾಗುತ್ತಿದ್ದರೆ ಅದು ಬೇಕಾದ ಬಾಯಾರಿಕೆ. ಬೆಳಿಗ್ಗೆ ಎಂಟಕ್ಕೂ ಎಲೆ ಜೋತೇ ಇದ್ದು, ರೆಕ್ಕೆಯ ತುದಿ ಒಣಗತೊಡಗಿದರೆ ಮಿತಿ ಮೀರಿದೆ. ರೊಬಸ್ಟಾದ ಊಟದ ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಅರೇಬಿಕಾಗಿಂತ ಬೇಗ ಈ ಹಂತ ಮುಟ್ಟುತ್ತದೆ.

ಇನ್ನು ನೀರಿನ ಲೆಕ್ಕ. ಹೂನೀರು ಒಂದೂವರೆ ಇಂಚು, ಅಂದರೆ 38 ಮಿ.ಮೀ ಇರಲಿ. ಒಂದು ಎಕರೆಗೆ ಒಂದು ಇಂಚು ಎಂದರೆ ಸುಮಾರು 1.03 ಲಕ್ಷ ಲೀಟರ್. ನಿಮ್ಮ ಎಂಟು ಎಕರೆಗೆ ಹೂನೀರೇ 12.3 ಲಕ್ಷ ಲೀಟರ್ ಆಯಿತು. ಹೂವಾದ ಮೇಲೆ 15–20 ದಿನದೊಳಗೆ ಮಳೆ ಬಾರದಿದ್ದರೆ, ಕಾಯಿ ನಿಲ್ಲಲು ಕೊಡುವ ಎರಡನೇ ನೀರಾದ ಬ್ಯಾಕಿಂಗ್‌ಗೆ ಇನ್ನೊಂದು ಇಂಚು, ಅಂದರೆ 8.2 ಲಕ್ಷ ಲೀಟರ್. ಒಟ್ಟು 20 ಲಕ್ಷ ಲೀಟರಿಗೆ ಮೇಲೆಯೇ. 30 ಮೀಟರ್ ಉದ್ದ, 25 ಮೀಟರ್ ಅಗಲದ ಕೆರೆಯಲ್ಲಿ ಮೂರು ಮೀಟರ್ ನೀರು ನಿಂತಿದ್ದರೆ, ದಂಡೆ ನೆಟ್ಟಗಿದ್ದರೂ 22.5 ಲಕ್ಷ ಲೀಟರ್ ಅಷ್ಟೇ. ಹೂಳು, ಆವಿ, ಓರೆ ದಂಡೆ ಕಳೆದರೆ ಇನ್ನೂ ಕಡಿಮೆ. ನೀರು ಐದು ಎಕರೆಗೆ ಮಾತ್ರ ಇದ್ದರೆ ಐದು ಎಕರೆಗೇ ಪೂರ್ತಿ ಕೊಡಿ. ಎಂಟಕ್ಕೂ ಹಂಚಿದರೆ ಜನವರಿಯ ಮಳೆ ಮಾಡಿದ್ದನ್ನೇ ನೀವೂ ಮಾಡಿದ ಹಾಗಾಗುತ್ತದೆ.

ಜೆಟ್ ಎಷ್ಟು ಹೊತ್ತು ತಿರುಗಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ. ಸೆಕೆಂಡಿಗೆ ಐದು ಲೀಟರ್ ಎಸೆಯುವ ಜೆಟ್ಟನ್ನು 30 ಮೀಟರಿಗೆ 30 ಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಗಂಟೆಗೆ 20 ಮಿ.ಮೀ ಬೀಳುತ್ತದೆ, 38 ಮಿ.ಮೀಗೆ ಎರಡು ಗಂಟೆಗೆ ಐದಾರು ನಿಮಿಷ ಕಡಿಮೆ. ನಿಮ್ಮದು ಬೇರೆ ಇರಬಹುದು. ಬದಿ ನೆಟ್ಟಗಿರುವ ಎಂಟು ಡಬ್ಬಿಗಳನ್ನು ಜೆಟ್ಟುಗಳ ನಡುವೆ ಕೊಂಬೆ ಅಡ್ಡ ಬರದ ಕಡೆ ಇಟ್ಟು, ಒಂದು ಗಂಟೆ ಕಳೆದ ಮೇಲೆ ಸ್ಕೇಲಿನಲ್ಲಿ ಅಳೆಯಿರಿ. ಒಂದು ಡಬ್ಬಿಯಲ್ಲಿ 30, ಇನ್ನೊಂದರಲ್ಲಿ 8 ಮಿ.ಮೀ ಇದ್ದರೆ ನಕ್ಷತ್ರ ಹೂ ‘ಕೆಲವು ಗಿಡಗಳಲ್ಲಿ’ ಮಾತ್ರ ಬಂದಿದ್ದು ಏಕೆಂದು ಅಲ್ಲೇ ಗೊತ್ತಾಗುತ್ತದೆ. ಗಾಳಿ ಇಲ್ಲದ ರಾತ್ರಿ ಹೊತ್ತು ಒಳ್ಳೆಯದು.

ಪ್ರಶ್ನೆ: ಹೂ ಅರಳಿದ ದಿನವೇ ಬೆಳಿಗ್ಗೆ ಜೋರು ಮಳೆ. ರೊಬಸ್ಟಾ ಕಾಯಿ ಕಚ್ಚಿದ್ದು ಕಡಿಮೆ, ಪಕ್ಕದ ಅರೇಬಿಕಾಗೆ ಏನೂ ಆಗಿಲ್ಲ. ಯಾಕೆ? (ಪೊನ್ನಂಪೇಟೆ)

ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೂ ಪೂರ್ತಿ ಬಿಚ್ಚುವ ಮೊದಲೇ ಕೆಲಸ ಒಂದಷ್ಟು ಮುಗಿದಿರುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. ಬೆಳಗಿನ ಮಳೆಗೆ ಪರಾಗ ತೊಳೆದುಹೋಯಿತು, ಜೇನು ಗೂಡು ಬಿಟ್ಟು ಹೊರಡಲಿಲ್ಲ. ಮಳೆ ನಿಮ್ಮ ಕೈಯಲ್ಲಿಲ್ಲ. ಹೂವಿನ ದಿನವೂ ಮರುದಿನವೂ ಸ್ಪ್ರಿಂಕ್ಲರ್ ನಿಲ್ಲಿಸುವುದು, ಆ ವಾರ ಕೀಟನಾಶಕ ಮುಟ್ಟದಿರುವುದು, ನಾಲ್ಕು ಜೇನುಪೆಟ್ಟಿಗೆ ಇಡುವುದು ಕೈಯಲ್ಲಿದೆ. ಮರುನಾಟಿ ಮಾಡುವಾಗ ಒಂದೇ ಗಿಡದಿಂದ ಕಸಿ ಮಾಡಿದ ಸಸಿಗಳನ್ನೇ ಇಡೀ ಬ್ಲಾಕಿಗೆ ತುಂಬಬೇಡಿ. ಅವು ಪರಸ್ಪರ ಪರಾಗ ಒಪ್ಪುವುದಿಲ್ಲ.

ಇಂಥ ವರ್ಷ ಗುಂಡುಕಾಳು, ಅಂದರೆ ಪೀಬೆರಿ, ಹೆಚ್ಚು ಸಿಕ್ಕರೆ ಆಶ್ಚರ್ಯಪಡಬೇಡಿ. ಕಾಯೊಳಗಿನ ಎರಡು ಬೀಜಗಳಲ್ಲಿ ಒಂದಕ್ಕೆ ಫಲ ನಿಲ್ಲದಿದ್ದರೆ ಉಳಿದದ್ದು ಜಾಗ ಸಿಕ್ಕಿತೆಂದು ಗುಂಡಗಾಗುತ್ತದೆ.

ಪ್ರಶ್ನೆ: ಪಶ್ಚಿಮಕ್ಕೆ ಇಳಿಯುವ ಅರೇಬಿಕಾ ತೋಟ. ಎರಡು ವರ್ಷದ ಹಿಂದೆ ಕಾಡುಮರ ಕಡಿಸಿ ಸಿಲ್ವರ್ ಓಕ್ ಮಾತ್ರ ಉಳಿಸಿದೆವು. ಮೊದಲ ವರ್ಷ ಫಸಲು ಚೆನ್ನಾಗಿತ್ತು. ಈಗ ಅಲ್ಲಲ್ಲಿ ಎಲೆ ಹಳದಿಯಾಗಿ ಗಿಡಗಳೇ ಒಣಗುತ್ತಿವೆ. ಗೊಬ್ಬರ ಕಡಿಮೆಯೇ? (ಮೂಡಿಗೆರೆ)

ಗೊಬ್ಬರದ ಚೀಲ ಕೆಳಗಿಡಿ. ಹಳದಿಯಾದ ಗಿಡದ ಬುಡದಿಂದ ಮೇಲಕ್ಕೆ ಅಂಗೈ ಸವರಿ. ತೊಗಟೆಯಲ್ಲಿ ಉಬ್ಬಿದ ಏಣು ಸುರುಳಿಯಾಗಿ ಕೈಗೆ ಸಿಕ್ಕಿದರೆ ಅದು ಬಿಳಿ ಕಾಂಡಕೊರಕ. ಆ ಏಣಿನ ಮೇಲೆ ಚಾಕುವಿನಿಂದ ಸೀಳಿ ನೋಡಿ. ಮರದ ಹುಡಿಯನ್ನು ಗಿಡಿದು ತುಂಬಿದ ಸುರಂಗ, ಅದರ ಕೊನೆಯಲ್ಲಿ ತಲೆ ಅಗಲವಾದ ಬೆಳ್ಳಗಿನ ಹುಳು. ಪತ್ರದ ವಿವರ ನೋಡಿದರೆ ನಿಮ್ಮಲ್ಲಿ ಇದೇ ಇರುವ ಸಂಭವ ಹೆಚ್ಚು.

ಈ ಹುಳು ಬೆಳೆದು ದುಂಬಿಯಾಗುತ್ತದೆ. ಆ ದುಂಬಿಗೆ ಬಿಸಿಲು ಬೇಕು. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಿಂದ ಜೂನ್ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಹೊರಬಂದು ಹಾರುತ್ತದೆ. ಬೆಚ್ಚಗಿನ ಬಿಸಿಲು ಬಿದ್ದ ಕಾಂಡದ ಮೇಲೆ ಓಡಾಡಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ನೆರಳು ಹೋದ ಇಳಿಜಾರಿನಲ್ಲಿ ಮಧ್ಯಾಹ್ನ ಮೂರರ ಓರೆ ಬಿಸಿಲು ನೇರ ಕಾಂಡಕ್ಕೇ ಬೀಳುತ್ತದೆ. ಸಿಲ್ವರ್ ಓಕ್ ಎತ್ತರಕ್ಕೆ ಹೋಗುವ ಮರ, ನಡು ಹಗಲಿನ ಬಿಸಿಲಿಗೆ ಅಷ್ಟಿಷ್ಟು ಅಡ್ಡ ನಿಂತರೂ ಓರೆ ಬಿಸಿಲನ್ನು ತಡೆಯುವುದಿಲ್ಲ. ಸಾಲದ್ದಕ್ಕೆ, ಮೊದಲ ವರ್ಷದ ‘ಚೆನ್ನಾದ’ ಫಸಲು ಬಿಸಿಲು ಕೊಟ್ಟ ಸಾಲ. ಬೆಳಕು ಹೆಚ್ಚಿ ಮೊಗ್ಗು ಹೆಚ್ಚಾಯಿತು, ಗಿಡ ಸೋತಿತು, ಸೋತ ಗಿಡಕ್ಕೆ ದುಂಬಿ ಬಂತು.

ಈಗಿನ ಕೆಲಸ: ಹಾರಾಟದ ಮೊದಲೇ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಹಿಡಿದು ಪ್ರತಿ ಗಿಡ ಸವರಿಸಿ, ಏಣು ಸಿಕ್ಕ ಗಿಡವನ್ನು ಬೇರುಸಮೇತ ಕೀಳಿಸಿ. ಹುಳು ಬೇರಿಗೂ ಇಳಿದಿರುತ್ತದೆ, ಬುಡದಲ್ಲಿ ಕಡಿದರೆ ಸಾಲದು. ಕಿತ್ತದ್ದನ್ನು ಅಲ್ಲೇ ಸುಡಿಸಿ, ಇಲ್ಲವೇ ಒಂದು ವಾರಕ್ಕೂ ಹೆಚ್ಚು ಕಾಲ ನೀರಿನಲ್ಲಿ ಮುಳುಗಿಸಿಡಿ. ಸೌದೆಗೆಂದು ಕೆಲಸದವರ ಲೈನ್‌ಮನೆಯ ಹಿಂದೆ ಒಟ್ಟಿದ ರಾಶಿಯಿಂದ ಏಪ್ರಿಲ್‌ನಲ್ಲಿ ದುಂಬಿ ಹೊರಟು ವಾಪಸು ತೋಟಕ್ಕೇ ಬರುತ್ತದೆ. ಎಷ್ಟೋ ತೋಟಗಳಲ್ಲಿ ಕೆಲಸ ಕೆಡುವುದು ಇಲ್ಲೇ.

ಉಳಿದ ಗಿಡಗಳ ಮುಖ್ಯ ಕಾಂಡ ಮತ್ತು ದಪ್ಪ ರೆಕ್ಕೆಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಗವಸಿನಿಂದ ಉಜ್ಜಿಸಿ. ಕತ್ತಿಯಿಂದ ಹೆರೆಯಬೇಡಿ, ಗಾಯವಾಗುತ್ತದೆ. ಆಮೇಲೆ 200 ಲೀಟರ್ ನೀರಿಗೆ 20 ಕೆ.ಜಿ ಸುಣ್ಣ ಕಲಸಿ, ಸೋಸಿ, ಅಂಟು ಸೇರಿಸಿ ಕಾಂಡಕ್ಕೆ ಬಳಿಸಿ ಅಥವಾ ಸಿಂಪಡಿಸಿ. ನುಣುಪಾದ, ಸುಣ್ಣ ಹತ್ತಿದ ಕಾಂಡದಲ್ಲಿ ಮೊಟ್ಟೆಯಿಡಲು ಬಿರುಕು ಸಿಗದು.

ನಿಜವಾದ ಔಷಧಿ ನೆರಳು. ಜೂನ್ ಮಳೆ ಹಿಡಿದ ಕೂಡಲೇ ಆರಡಿ ಉದ್ದದ ಹಾಲುವಾಣದ ಗೂಟಗಳನ್ನು ಪಶ್ಚಿಮದ ಅಂಚಿನಿಂದ ಶುರುಮಾಡಿ ನೆಡಿಸಿ. ಅದು ಎರಡು–ಮೂರು ವರ್ಷದಲ್ಲಿ ಕೆಳನೆರಳು ಕೊಡುತ್ತದೆ. ಮೇಲ್ನೆರಳಿಗೆ ಅತ್ತಿ, ಬಸರಿ, ಗೋಳಿ, ಹಲಸು. ಇವು ಬರಲು ಹತ್ತು ವರ್ಷ ಬೇಕು. ಎರಡು ದಿನದಲ್ಲಿ ಕಡಿದದ್ದಕ್ಕೆ ಹತ್ತು ವರ್ಷದ ಬಡ್ಡಿ. ಮರಗಸಿಯನ್ನು, ಅಂದರೆ ನೆರಳುಮರದ ಕೊಂಬೆ ಸವರುವುದನ್ನು, ಹೂ ಮತ್ತು ಬ್ಯಾಕಿಂಗ್ ಮಳೆ ಮುಗಿದ ಮೇಲೆ, ಮುಂಗಾರಿಗೆ ಮೊದಲು ಮಾಡಿಸಿ. ಬೇಸಿಗೆಯ ನಡುವೆ ಬೇಡವೇ ಬೇಡ.

ಪ್ರಶ್ನೆ: ಜುಲೈ–ಆಗಸ್ಟ್‌ನಲ್ಲಿ ಹಸಿ ಕಾಯಿ ರಾಶಿ ರಾಶಿ ಉದುರುತ್ತದೆ. ಕೊಳೆರೋಗವೆಂದು ಒಬ್ಬರು, ಬುಡ ತಂಪಾಗಿದೆ ಎಂದು ಇನ್ನೊಬ್ಬರು. ಹೇಗೆ ಗುರುತಿಸುವುದು? (ಸಕಲೇಶಪುರ)

ಉದುರಿದ ಇಪ್ಪತ್ತು ಕಾಯಿ ಆರಿಸಿಕೊಂಡು ತೊಟ್ಟು ನೋಡಿ. ತೊಟ್ಟು ಕಪ್ಪಾಗಿ ಕೊಳೆತಿದ್ದರೆ ತೊಟ್ಟು ಕೊಳೆ. ಸ್ವಚ್ಛವಾಗಿ ಕಳಚಿದ್ದು, ಕಾಯಿ ಹಸಿರು ಅಥವಾ ನಸುಹಳದಿ ಇದ್ದರೆ ಗಿಡವೇ ಕಳಚಿಹಾಕಿದ್ದು. ಕೊಳೆರೋಗವಾದರೆ ತಲೆಯೆತ್ತಿ ನೋಡಿದರೆ ಸಾಕು: ಕಪ್ಪಾದ ಎಲೆ ಕೆಳಗೆ ಬೀಳದೆ, ಜೇಡರ ಎಳೆಯಂಥ ಬಿಳಿ ದಾರದಲ್ಲಿ ರೆಕ್ಕೆಯಿಂದ ನೇತಾಡುತ್ತಿರುತ್ತದೆ. ಆ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರೂ ‘ಕೊಳೆರೋಗ ನಾಕ್ಸಿಯಾ’. ನಮ್ಮ ಮಲೆನಾಡಿನ ಮಾತೇ ಪುಸ್ತಕ ಸೇರಿದೆ.

ಬುಡ ತಂಪಾಗುವುದೆಂದರೆ ಬೇರಿಗೆ ಉಸಿರು ಕಟ್ಟುವುದು. ವಾರಗಟ್ಟಲೆ ಮಳೆ ಹಿಡಿದಾಗ ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ನಿಲ್ಲುತ್ತದೆ. ಊಟದ ಬೇರು ಸಾಯುತ್ತದೆ, ಸಾರಜನಕ ಮೇಲೆ ಹೋಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಮೋಡದಿಂದಾಗಿ ಎಲೆಯ ಅಡುಗೆಯೂ ಅರ್ಧಕ್ಕೆ ನಿಂತಿರುತ್ತದೆ. ಸಾಕಲಾರದ ಕಾಯಿಯ ತೊಟ್ಟನ್ನು ಗಿಡ ತಾನೇ ಬಿಡಿಸುತ್ತದೆ. 2018ರ ಆಗಸ್ಟ್ ಮಳೆಯಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಕಡೆ ತೋಟದ ನೆಲ ಕಾಣದಷ್ಟು ಕಾಯಿ ಬಿದ್ದಿತ್ತು.

ಮಳೆ ನಡುವೆ ಮಾಡಬಹುದಾದದ್ದು: ತಗ್ಗಿನ ಭಾಗದಲ್ಲಿ ಒಂದೂವರೆ ಅಡಿ ಆಳದ ಬಸಿಗಾಲುವೆಗಳ ಬಾಯಿ ಬಿಡಿಸಿ. ರೆಕ್ಕೆಗಳ ಮೇಲೆ ಕೂತ ಮರದ ತರಗೆಲೆಯನ್ನು ಕೊಡವಿಸಿ, ಗಿಡದ ನೆತ್ತಿ ಬಿಡಿಸಿ ಗಾಳಿಯಾಡುವಂತೆ ಮಾಡಿಸಿ. ಕಾಂಡದಿಂದ ನೇರ ಮೇಲೇಳುವ ಕಂಬಚಿಗುರು ತೆಗೆಸಿ. ಕಳೆಯನ್ನು ಕತ್ತಿಯಲ್ಲಿ ಸವರಿಸಿ, ಅಗೆಸಬೇಡಿ. ಉಳಿದಿರುವ ನಾಲ್ಕು ಬೇರೂ ಹೋಗುತ್ತದೆ. ಮೂರು–ನಾಲ್ಕು ದಿನ ಬಿಸಿಲು ಸಿಕ್ಕಿ ನೀರು ಬಸಿದ ಮೇಲೆ ಎಕರೆಗೆ ಒಂದು ಚೀಲ, 45 ಕೆ.ಜಿ ಯೂರಿಯಾವನ್ನು ಬುಡದಿಂದ ದೂರಕ್ಕೆ ಚೆಲ್ಲಿ. ಎಲೆಗೆ 200 ಲೀಟರಿಗೆ ಒಂದು ಕೆ.ಜಿ ಯೂರಿಯಾ ಜೊತೆ 50 ಮಿ.ಲೀ ಪ್ಲಾನೋಫಿಕ್ಸ್ ಎಂಬ ಹಾರ್ಮೋನು ದ್ರಾವಣ ಸಿಂಪಡಿಸಬಹುದು. ತೊಟ್ಟು ಕಳಚುವುದು ನಿಧಾನವಾಗುತ್ತದೆ. ಇದು ಉದುರಲು ಹೊರಟದ್ದನ್ನು ತಡೆಯುತ್ತದೆ, ಕಪ್ಪಾದ ತೊಟ್ಟನ್ನು ಬದುಕಿಸುವುದಿಲ್ಲ. ಹೆಚ್ಚು ಹಾಕಿದರೆ ಒಳ್ಳೆಯದೆಂದು 100 ಮಿ.ಲೀ ಸುರಿಯಬೇಡಿ, ಹಾರ್ಮೋನು ಹೆಚ್ಚಾದರೆ ಅದೇ ಕಾಯಿ ಉದುರಿಸುತ್ತದೆ.

ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ, 100 ಲೀಟರಿಗೆ ಮೈಲುತುತ್ತ ಒಂದು ಕೆ.ಜಿ, ಸುಣ್ಣ ಒಂದು ಕೆ.ಜಿ. ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಡುವಿನಲ್ಲಿ ಇನ್ನೊಮ್ಮೆ. ಎಲೆಯ ಕೆಳಮೈಗೂ ತಾಗಬೇಕು. ಮಿಶ್ರಣದಲ್ಲಿ ಅದ್ದಿದ ಹೊಳೆಯುವ ಚಾಕುವಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮಾಡಿದ ದಿನವೇ ಮುಗಿಸಿ. ಮೊದಲು ನೇತಾಡುವ ಎಲೆ, ರೋಗದ ರೆಕ್ಕೆ ತೆಗೆದು ಹೊರಹಾಕಿದರೆ ಮಾತ್ರ ಸಿಂಪಡಣೆಗೆ ಬೆಲೆ.

ಪ್ರಶ್ನೆ: ಹೋದ ವರ್ಷ ಅರೇಬಿಕಾ ರೆಕ್ಕೆ ಬಾಗುವಷ್ಟು ಬಂತು. ಈ ವರ್ಷ ರೆಕ್ಕೆ ತುದಿಯಿಂದ ಒಣಗುತ್ತಿದೆ, ಚಿಗುರಿಲ್ಲ. ರೋಗವೇ? (ಚಿಕ್ಕಮಗಳೂರು)

ಶಿಲೀಂಧ್ರ ಸಿಕ್ಕರೂ ಅದು ಆಮೇಲೆ ಬಂದ ನೆಂಟ. ಒಂದು ಕಾಯಿ ಸರಿಯಾಗಿ ತುಂಬಲು ಸುಮಾರು 20 ಚದರ ಸೆಂ.ಮೀ ಎಲೆ ಬೇಕು. ಮಾವು, ಕಿತ್ತಳೆಯಂತೆ ಕಾಫಿ ಗಿಡ ಹೆಚ್ಚಾದ ಪಿಂದೆಯನ್ನು ತಾನಾಗಿ ಸಾಕಷ್ಟು ಉದುರಿಸಿ ಹಗುರಾಗುವುದಿಲ್ಲ. ಹೊತ್ತಷ್ಟನ್ನೂ ಸಾಕಲು ಹೋಗಿ ಮೊದಲು ರೆಕ್ಕೆಯ, ಆಮೇಲೆ ಬೇರಿನ ಪಿಷ್ಟ ಕರಗಿಸುತ್ತದೆ. ಪರೀಕ್ಷೆ ಸುಲಭ: ಬೆರಳು ದಪ್ಪದ ರೆಕ್ಕೆ ಕತ್ತರಿಸಿ ಹಸಿ ಮುಖದ ಮೇಲೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಯಾದರೆ ಪಿಷ್ಟವಿದೆ. ಕಂದು ಬಣ್ಣವೇ ಉಳಿದರೆ ಗಿಡದ ಹಗೇವು ಖಾಲಿ.

ಖಾಲಿ ಗಿಡಕ್ಕೆ ಒಮ್ಮೆಲೇ ಗೊಬ್ಬರ ಸುರಿದರೆ ತಿನ್ನಲು ಬೇರಿಲ್ಲ. ಗಿಡಕಸಿಯಲ್ಲಿ, ಅಂದರೆ ಗಿಡ ಸವರುವಾಗ, ಒಣಗಿದ ರೆಕ್ಕೆಯನ್ನು ಹಸಿರು ಸಿಗುವವರೆಗೆ ಕತ್ತರಿಸಿ, ತೀರಾ ಸೋತ ಗಿಡದಲ್ಲಿ ಈ ವರ್ಷದ ಅಲ್ಪಸ್ವಲ್ಪ ಕಾಯಿಯನ್ನೂ ಕಿತ್ತುಹಾಕಿ. ಬುಡಕ್ಕೆ ತರಗು ಮುಚ್ಚಿಗೆ, ಕಾಂಪೋಸ್ಟ್. ರಸಗೊಬ್ಬರವನ್ನು ಮೂರು–ನಾಲ್ಕು ಕಂತಿಗೆ ಒಡೆಯಿರಿ. ಅದಕ್ಕೂ ಮೊದಲು ಮಣ್ಣಿನ ಪಿಎಚ್ ನೋಡಿಸಿ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಮಣ್ಣು ಪರೀಕ್ಷೆ ಇದೆ. ಕಾಫಿಗೆ 6ರಿಂದ 6.5 ಹಿತ. ಹೆಚ್ಚು ಮಳೆಯ ಹುಳಿ ಮಣ್ಣಿನಲ್ಲಿ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯೇ ಮೊಂಡಾಗುತ್ತದೆ. ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಹಾಕಬೇಡಿ. ನಡುವೆ ಒಂದು ತಿಂಗಳಾದರೂ ಬಿಡಿ, ಇಲ್ಲದಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಪ್ರಶ್ನೆ: ಗೊಬ್ಬರ ಚೆನ್ನಾಗಿ ಹಾಕಿಯೂ ಕಾಳು ಸಣ್ಣ, ಜೊಳ್ಳು ಹೆಚ್ಚು. ಕೊಳ್ಳುವವರು ಬೆಲೆ ಇಳಿಸುತ್ತಾರೆ. (ಆಲೂರು)

ಸಣ್ಣ ಕಾಳು ಮತ್ತು ಜೊಳ್ಳು ಎರಡು ಬೇರೆ ದೂರು. ಏಪ್ರಿಲ್‌ನಲ್ಲಿ ಹೂವಾದ ಅರೇಬಿಕಾ ಕಾಯಿ ಒಂದೂವರೆ ತಿಂಗಳು ಮೆಣಸಿನ ಕಾಳಿನಷ್ಟೇ ಇದ್ದು, ಮೇ ಕೊನೆಯಿಂದ ಜುಲೈವರೆಗೆ ಸರಸರ ಉಬ್ಬುತ್ತದೆ. ಆಗ ಒಳಗೆ ಇರುವುದು ನೀರು ಮಾತ್ರ. ಕಾಳಿನ ಕೋಣೆಯ ಅಳತೆ ನಿರ್ಧಾರವಾಗುವುದು ಆಗಲೇ. ಆಮೇಲೆ ಕಾಳನ್ನು ಸುತ್ತಿದ ಪಾರ್ಚ್‌ಮೆಂಟ್ ಸಿಪ್ಪೆ ಗಟ್ಟಿಯಾದರೆ ಎಷ್ಟು ಗೊಬ್ಬರ ಹಾಕಿದರೂ ಕೋಣೆ ದೊಡ್ಡದಾಗದು. ಮುಂಗಾರು ತಡವಾದ ವರ್ಷ ಕಾಳು ಸಣ್ಣಗಾಗುವುದು ಇದರಿಂದ. ಆ ಕೋಣೆಗೆ ಕಾಳು ತುಂಬುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆ ಹೊತ್ತಿಗೆ ಎಲೆತುಕ್ಕಿಗೆ ಎಲೆ ಉದುರಿದ್ದರೆ, ಬೇರು ಕೊಳೆತಿದ್ದರೆ, ಸೆಪ್ಟೆಂಬರ್ ಒಣಗಿದರೆ ಕೋಣೆ ಅರೆಬರೆ ತುಂಬಿ ಜೊಳ್ಳು.

ಸೆಪ್ಟೆಂಬರ್ ಮೊದಲ ವಾರ ಹತ್ತು ಗಿಡದಿಂದ ಹತ್ತತ್ತು ಕಾಯಿ ಕಿತ್ತು ಅಡ್ಡ ಸೀಳಿ ನೋಡಿ. ಗಾಜಿನಂಥ ಲೋಳೆ ಇದ್ದರೆ ತುಂಬುವ ಕೆಲಸ ಇನ್ನೂ ಶುರು, ಹಾಲು ಬಿಳುಪಾಗಿ ಉಗುರಿಗೆ ಗಟ್ಟಿ ಸಿಕ್ಕರೆ ನಡೆದಿದೆ. ಹಿಂಗಾರಿನ ಗೊಬ್ಬರ ಆ ವಾರವೇ, ನೆಲ ಹಸಿ ಇರುವಾಗಲೇ ಹೋಗಬೇಕು. ನವೆಂಬರ್‌ನಲ್ಲಿ ಹಾಕಿದ್ದು ಈ ಕಾಳಿಗಲ್ಲ. ಕುಯ್ಲಿನಲ್ಲಿ ತೇಲುವ ಹಣ್ಣಿನ ಹೊಕ್ಕುಳ ಕಡೆ ಸೂಜಿ ತೂತಿದ್ದರೆ ಅದು ಕಾಯಿಕೊರಕ. ಅದನ್ನು ಬರದ ಲೆಕ್ಕಕ್ಕೆ ಹಾಕಬೇಡಿ.

ಒಣರೆಕ್ಕೆಯಲ್ಲಿ ಅಕಾಲಕ್ಕೆ ಕೆಂಪಾದ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕದೆ, ಇಡೀ ಹಣ್ಣಾಗಿ ಒಣಗಿಸುವ ಚೆರ್ರಿಗೆ ಬೇರೆ ಮಾಡಿ. ಬಣ್ಣ ಹಣ್ಣಿನದು, ಕಾಳು ಕಾಯಿಯದು. ಲೋಟದಲ್ಲಿ ಹಸಿಹುಲ್ಲಿನ ರುಚಿ ಬರುವುದು ಇದರಿಂದಲೇ.

ಪ್ರಶ್ನೆ: ಬೆಂಗಳೂರಿನ ಬಾಲ್ಕನಿಯಲ್ಲಿ ಕುಂಡದ ಕಾಫಿ ಗಿಡ, ನಾಲ್ಕು ವರ್ಷ. ದಿನಾ ನೀರು ಹಾಕುತ್ತೇನೆ. ಹೂವಿಲ್ಲ, ಹೊಸ ಎಲೆ ಹಳದಿ, ನರ ಮಾತ್ರ ಹಸಿರು.

ಹಳದಿ ಎಲೆಗೆ ಕಾರಣ ಬಹುಶಃ ಬೋರ್‌ವೆಲ್ಲಿನ ಗಡಸು ನೀರು. ಮಣ್ಣು ಕ್ಷಾರವಾಗಿ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ. ಮಳೆನೀರು ಹಿಡಿದು ಹಾಕಿ, ಮೇಲಿನ ಎರಡು ಇಂಚು ಮಣ್ಣು ತೆಗೆದು ಎಲೆಗೊಬ್ಬರ ತುಂಬಿ. ಹೂವಿಲ್ಲದಿರುವುದು ದಿನಾ ನೀರಿನಿಂದ. ಡಿಸೆಂಬರ್‌ನಿಂದ ನೀರು ಇಳಿಸುತ್ತಾ ಬನ್ನಿ, ಎಲೆ ಮಧ್ಯಾಹ್ನ ಜೋತು ಬೆಳಿಗ್ಗೆ ಏಳುವಷ್ಟು ಮಾತ್ರ ಕೊಡಿ. ಫೆಬ್ರವರಿ ಕೊನೆಗೆ ಗೆಣ್ಣಿನಲ್ಲಿ ಚೂಪು ಮೊಗ್ಗು ಕಂಡರೆ ಒಂದು ಸಂಜೆ ತಳದ ತೂತಿನಿಂದ ಹರಿಯುವವರೆಗೆ ನೀರು ಸುರಿಯಿರಿ. ಅಲ್ಲಿಂದ ಎಂಟ್ಹತ್ತು ದಿನ ಕಾಯಿರಿ. ಅರೇಬಿಕಾ ಆಗಿದ್ದರೆ ಒಂದೇ ಗಿಡದಲ್ಲೂ ಕಾಯಿ ಕಚ್ಚುತ್ತದೆ. ರೊಬಸ್ಟಾ ಆಗಿದ್ದರೆ ಪರಿಮಳಕ್ಕಷ್ಟೇ ತೃಪ್ತಿಪಡಿ, ಇಲ್ಲವೇ ಇನ್ನೊಂದು ಗಿಡ ತನ್ನಿ.